ಬೆನ್ನಡಿಯ ಚಳಿ ಮತ್ತು ಫಿಂಚನ ಹಸಿರು ಕೋಟು

ಎರಡು ಮರಗಳ ನಡುವೆ ಹ್ಯಾಮಕ್, ಅಂದರೆ ಜೋಲಿ, ಕಟ್ಟಿ ಮಲಗಿದ ಚಾರಣಿಗರೆಲ್ಲ ಮೊದಲ ರಾತ್ರಿಯೇ ಕೇಳುವ ಪ್ರಶ್ನೆ ಇದು: ಸ್ಲೀಪಿಂಗ್ ಬ್ಯಾಗ್ ಒಳ್ಳೆಯದೇ ಇದೆ, ತಲೆಗೆ ಉಣ್ಣೆಯ ಟೋಪಿಯೂ ಇದೆ, ಆದರೂ ಬೆನ್ನಿಗೆ ಮಾತ್ರ ಯಾಕಿಷ್ಟು ಚಳಿ? ನಮ್ಮನ್ನು ಬೆಚ್ಚಗಿಡುವುದು ಹೊದಿಕೆಯೊಳಗೆ ಅಲುಗಾಡದೆ ನಿಂತ ಗಾಳಿ. ಮಲಗಿದವರ ಭಾರಕ್ಕೆ ಬ್ಯಾಗಿನ ಕೆಳಭಾಗದ ತುಪ್ಪಳ ಚಪ್ಪಟೆಯಾಗಿ ಆ ಗಾಳಿ ಹೊರಟುಹೋಗುತ್ತದೆ. ನೆಲದ ಮೇಲಾದರೆ ಮೈ ತಗುಲಿದ ಮಣ್ಣು ಸ್ವಲ್ಪವಾದರೂ ಬಿಸಿಯೇರೀತು. ಜೋಲಿಯ ಅಡಿಯಲ್ಲಿ ಬೀಸುವ ಗಾಳಿ ಬೆನ್ನಿನ ಶಾಖವನ್ನು ರಾತ್ರಿಯಿಡೀ ಹೊತ್ತೊಯ್ಯುತ್ತಲೇ ಇರುತ್ತದೆ. ಹೊರಗಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಕು, ಹಲವರಿಗೆ ನಿದ್ದೆ ಹತ್ತುವುದಿಲ್ಲ.

ನಿಂತ ಗಾಳಿಯೇ ನಿಜವಾದ ಕಂಬಳಿ ಎಂಬ ಮಾತನ್ನು ಮೈಮೇಲೆ ಹೊಲಿಸಿಕೊಂಡು ಎವರೆಸ್ಟಿಗೆ ಹೋದವನು ಜಾರ್ಜ್ ಇಂಗಲ್ ಫಿಂಚ್. ಆಸ್ಟ್ರೇಲಿಯಾದಲ್ಲಿ 1888ರಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. 1922ರ ಬ್ರಿಟಿಷ್ ತಂಡದ ಉಳಿದವರೆಲ್ಲ ಉಣ್ಣೆ, ಟ್ವೀಡ್, ಗ್ಯಾಬರ್ಡಿನ್ ತೊಟ್ಟು ಹೊರಟರೆ, ಫಿಂಚ್ ಬಲೂನಿಗೆ ಬಳಸುವ ಗಾಳಿ ತೂರದ ಬಟ್ಟೆ ತರಿಸಿ, ಅದರೊಳಗೆ ಐಡರ್ ಬಾತಿನ ತುಪ್ಪಳ ತುಂಬಿಸಿ, ಮೊಣಕಾಲಿನವರೆಗೆ ಬರುವ ಕೋಟು ಹೊಲಿಸಿದ. ಬಣ್ಣ ಕಣ್ಣು ಕುಕ್ಕುವ ಹಸಿರು. ತುಪ್ಪಳ ಒಂದೇ ಕಡೆ ಗುಡ್ಡೆಯಾಗದಂತೆ ಕೌದಿಯ ಹಾಗೆ ಅಡ್ಡಡ್ಡ ಹೊಲಿಗೆ. ಟಿಬೆಟ್ಟಿನ ದಾರಿಯುದ್ದಕ್ಕೂ ಜೊತೆಯವರು ನಕ್ಕರು. ಮೇಲೆ ಹತ್ತಿದಂತೆ ಗಾಳಿ ಜೋರಾಯಿತು, ನಗು ನಿಂತಿತು. ಈಗ ಎಲ್ಲರಿಗೂ ನನ್ನ ಕೋಟಿನ ಮೇಲೆ ಕಣ್ಣು ಎಂಬರ್ಥದ ಮಾತನ್ನು ಫಿಂಚ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಐಡರ್ ಉತ್ತರದ ಕಡಲತೀರಗಳ ಬಾತು. ಹೆಣ್ಣು ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸುತ್ತದೆ, ಮೊಟ್ಟೆ ಬಿಟ್ಟು ಹೋಗುವಾಗ ಅದನ್ನೇ ಮೇಲಕ್ಕೆಳೆದು ಮುಚ್ಚುತ್ತದೆ. ಐಸ್‌ಲ್ಯಾಂಡಿನ ರೈತರು ಆ ಗೂಡುಗಳಿಂದ ತುಪ್ಪಳ ಆಯ್ದು ಶುಚಿಮಾಡಿ ಮಾರುತ್ತಾರೆ. ಒಂದು ಕಿಲೋ ಕೂಡಿಸಲು ಸುಮಾರು 60 ಗೂಡು ಬೇಕು. ಎಳೆಗಳು ಒಂದಕ್ಕೊಂದು ಕೊಂಡಿಯಂತೆ ಹಿಡಿದುಕೊಳ್ಳುವುದರಿಂದ ಹಿಡಿಯಷ್ಟು ತುಪ್ಪಳ ಕೈ ಬಿಟ್ಟೊಡನೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬಿನಲ್ಲೇ ಶಾಖ ಉಳಿಯುವುದು.

1922ರ ಮೇ ಕೊನೆಯ ವಾರ ಎವರೆಸ್ಟಿನಲ್ಲಿ ಫಿಂಚ್, ಅದೇ ತಂಡದ ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಸೈನಿಕ ತೇಜ್‌ಬೀರ್ 25,500 ಅಡಿ ಎತ್ತರದಲ್ಲಿ ಸಣ್ಣದೊಂದು ಡೇರೆಯಲ್ಲಿ ಬಿರುಗಾಳಿಗೆ ಸಿಕ್ಕಿಬಿದ್ದರು. ಡೇರೆ ಹಾರಿಹೋಗದಂತೆ ಒಳಗಿಂದಲೇ ಹಿಡಿದು ಕೂತರು. ಎರಡನೆಯ ಸಂಜೆ ಕೆಳಗಿನ ಶಿಬಿರದಿಂದ ಕೂಲಿಯಾಳುಗಳು ಥರ್ಮಾಸ್‌ಗಳಲ್ಲಿ ಬಿಸಿ ಪಾನೀಯ ಹೊತ್ತು ಮೇಲೆ ಬಂದರು. ಆ ಗಾಳಿಯಲ್ಲಿ, ಆ ಹೊತ್ತಿನಲ್ಲಿ ಹತ್ತಿ ಬಂದ ಆ ಆಳುಗಳ ಹೆಸರನ್ನು ಹೆಚ್ಚಿನ ಪುಸ್ತಕಗಳು ಎತ್ತಿ ಹೇಳುವುದಿಲ್ಲ, ನನಗೆ ಅದು ನೋವಿನ ಸಂಗತಿ. ಅಂದು ರಾತ್ರಿ ಮೂವರೂ ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವೇ ಉಸಿರಾಡುತ್ತ ಮಲಗಿದರು. ಮರಗಟ್ಟಿದ್ದ ಕೈಕಾಲಿಗೆ ಬಿಸಿ ಮರಳಿತು. ಹೊರಗಿನ ಹೊದಿಕೆ ಎಷ್ಟೇ ದಪ್ಪವಿರಲಿ, ಶಾಖ ಹುಟ್ಟಬೇಕಾದದ್ದು ಮೈಯೊಳಗೆ. ಮೇ 27ರಂದು ಫಿಂಚ್ ಮತ್ತು ಬ್ರೂಸ್ ಸುಮಾರು 27,300 ಅಡಿ ತಲುಪಿದರು. ಅಲ್ಲಿಯವರೆಗೆ ಮನುಷ್ಯ ಹತ್ತಿದ ಎತ್ತರಗಳಲ್ಲಿ ಅದೇ ಹೆಚ್ಚಿನದು. ಬ್ರೂಸನ ಆಮ್ಲಜನಕದ ಸಲಕರಣೆ ಕೆಟ್ಟದ್ದರಿಂದ ಹಿಂದಿರುಗಬೇಕಾಯಿತು.

ಇಂಥವನನ್ನು 1924ರ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಉಪನ್ಯಾಸ ಮತ್ತು ಛಾಯಾಚಿತ್ರಗಳ ಹಕ್ಕಿನ ವಿಚಾರವಾಗಿ ಮೌಂಟ್ ಎವರೆಸ್ಟ್ ಸಮಿತಿಯೊಂದಿಗೆ ಜಗಳವಾಗಿತ್ತು. ಕಾರ್ಯದರ್ಶಿ ಆರ್ಥರ್ ಹಿಂಕ್ಸ್‌ಗಂತೂ ಫಿಂಚನನ್ನು ಕಂಡರೆ ಆಗುತ್ತಿರಲಿಲ್ಲ. ಆ ವರ್ಷ ತಂಡದ ಮ್ಯಾಲರಿ ಮತ್ತು ಅರ್ವಿನ್ ರೇಷ್ಮೆ, ಉಣ್ಣೆ, ಗ್ಯಾಬರ್ಡಿನ್ನಿನಲ್ಲೇ ಹತ್ತಿದರು, ಮರಳಲಿಲ್ಲ. ಹಸಿರು ಕೋಟು ಇದ್ದಿದ್ದರೆ ಬದುಕುತ್ತಿದ್ದರೆಂದು ಹೇಳಲಾಗದು. ಆದರೆ ಕೈಗೆ ಸಿಕ್ಕ ತಿಳಿವಳಿಕೆಯನ್ನು ಮನಸ್ತಾಪಕ್ಕಾಗಿ ಬದಿಗೊತ್ತಿದ್ದು ಅಪರಾಧವೆಂದೇ ನನ್ನ ಅಭಿಪ್ರಾಯ. ಇದೇ ಫಿಂಚ್ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ನಮ್ಮ ಪಕ್ಕದ ರಾಜ್ಯದಲ್ಲೇ ಐದು ವರ್ಷ ಇದ್ದವನ ಹೆಸರು ಡೌನ್ ಜಾಕೆಟ್, ಅಂದರೆ ತುಪ್ಪಳದ ಕೋಟು, ತೊಟ್ಟು ಹಿಮಾಲಯಕ್ಕೆ ಹೊರಡುವ ನಮ್ಮ ಹುಡುಗರ ಕಿವಿಗೇ ಬಿದ್ದಿಲ್ಲ.

ಫಿಂಚನ ಕೋಟಿನ ಬಳಿಕ, ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಡಿ ಬಾವರ್ ಎಂಬಾತ ಚಳಿಗಾಲದ ಮೀನುಬೇಟೆಯಲ್ಲಿ ಸೆಟೆದು ಸಾಯುವ ಹಂತಕ್ಕೆ ಹೋಗಿಬಂದು, 1936ರಲ್ಲಿ ಹೊಲಿಗೆಯ ಡೌನ್ ಜಾಕೆಟ್ ಮಾರುಕಟ್ಟೆಗೆ ತಂದ. ತುಪ್ಪಳದ ಸ್ಲೀಪಿಂಗ್ ಬ್ಯಾಗುಗಳೂ ಬಳಕೆಗೆ ಬಂದವು. ಜೋಲಿಯವರ ಬೆನ್ನಿಗೆ ಮಾತ್ರ ಅದರ ಲಾಭ ತಲುಪಲು ಬಹಳ ಕಾಲ ಹಿಡಿಯಿತು.

ಜೋಲಿ ಹುಟ್ಟಿದ ನಾಡಿನವರಿಗೆ ಬೆನ್ನಿನ ಚಳಿ ಗೊತ್ತಿತ್ತು. ಬ್ರೆಜಿಲ್‌ನ ತುಪಿನಂಬಾ ಜನ ಹತ್ತಿನೂಲಿನ ಜೋಲಿಗಳ ಪಕ್ಕದಲ್ಲಿ ರಾತ್ರಿಯಿಡೀ ಬೆಂಕಿ ಉಳಿಸಿಕೊಳ್ಳುತ್ತಿದ್ದುದನ್ನು, ಅವರ ಸೆರೆಯಲ್ಲಿದ್ದ ಜರ್ಮನಿಯ ಹಾನ್ಸ್ ಸ್ಟಾಡೆನ್ 1557ರ ತನ್ನ ಪುಸ್ತಕದಲ್ಲಿ ಬರೆದ. ಹಿಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಜೋಲಿಯ ಪಕ್ಕ ಬೆಂಕಿ ಹಾಕುವಂತಿರಲಿಲ್ಲ, ಜೋಲಿಯೊಳಗೆ ತೆಳು ಹಾಸಿಗೆ ಹಾಸಿದರು. ಒಬ್ಬ ನಾವಿಕನಿಗೆ ಸಿಗುತ್ತಿದ್ದ ಅಗಲ 14 ಇಂಚು. ಬೆಳಗಾದರೆ ಹಾಸಿಗೆ ಸಮೇತ ಸುತ್ತಿ ಹಡಗಿನ ಅಂಚಿನ ಬಲೆಗಳಲ್ಲಿ ಜೋಡಿಸುತ್ತಿದ್ದರು. ಯುದ್ಧದಲ್ಲಿ ಆ ಸುರುಳಿಗಳೇ ಗುಂಡಿಗೆ ಅಡ್ಡವಾಗುತ್ತಿದ್ದವು.

ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಚಾರಣಿಗರ ನಡುವೆ ಹೊಸ ಪದ್ಧತಿಯೊಂದು ಹರಡಿತು. ತುಪ್ಪಳದ ಹೊದಿಕೆಯನ್ನು ಜೋಲಿಯ ಹೊರಗೆ, ಕೆಳಭಾಗಕ್ಕೆ, ಎಲಾಸ್ಟಿಕ್ ದಾರದಿಂದ ತೂಗುಹಾಕುವುದು. ಅದರ ಹೆಸರು ಅಂಡರ್‌ಕ್ವಿಲ್ಟ್. ಮೈಭಾರ ಅದರ ಮೇಲೆ ಬೀಳುವುದಿಲ್ಲ, ತುಪ್ಪಳ ಉಬ್ಬಿಯೇ ಇರುತ್ತದೆ. ಐಡರ್ ಹಕ್ಕಿ ಗೂಡಿಗೆ ಮಾಡುವುದೂ ಇದನ್ನೇ, ಬೆಚ್ಚನೆಯದನ್ನು ಮೊದಲು ಅಡಿಗೆ ಇಡುವುದು.

ನಮ್ಮ ಮಲೆನಾಡಿಗೆ ಬಂದರೆ ಋತು ನೋಡಿ ಆರಿಸಬೇಕು. ಏಪ್ರಿಲ್‌ನ ಸೆಕೆಯ ರಾತ್ರಿಗೆ ತೆಳ್ಳನೆಯ ಫೋಮ್ ಮ್ಯಾಟ್ ಬೇಕಾದಷ್ಟಾಯಿತು. ಫೋಮ್ ಅಮುಕಿದರೂ ಚಪ್ಪಟೆಯಾಗದು, ಬೆಲೆಯೂ ಕಡಿಮೆ. ಮೈ ಹೊರಳಿದಂತೆ ಜಾರುವುದು, ಹೆಗಲಿಗೆ ಸಾಲದ ಅಗಲ, ಬೆವರು ಅದರ ದೋಷಗಳು. ಮಳೆಗಾಲದಲ್ಲಿ ತುಪ್ಪಳ ಬೇಡವೇ ಬೇಡ. ಒದ್ದೆಯಾದರೆ ಮುದ್ದೆಗಟ್ಟಿ ಶಾಖ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ, ಒಣಗಲು ಬಿಸಿಲೂ ಸಿಗದು. ಆಗ ಕೃತಕ ನೂಲಿನ ಅಂಡರ್‌ಕ್ವಿಲ್ಟ್ ಇಲ್ಲವೇ ಫೋಮ್ ಇರಲಿ, ಮೇಲೆ ಅಗಲವಾದ ಟಾರ್ಪಾಲು ಕಟ್ಟಿ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳಿಗೆ ಹೆಗಲಿಂದ ಮೊಣಕಾಲಿನವರೆಗಿನ ಮುಕ್ಕಾಲು ಉದ್ದದ ಡೌನ್ ಅಂಡರ್‌ಕ್ವಿಲ್ಟ್ ಸಾಕು, ಪಾದದಡಿಗೆ ಫೋಮಿನ ತುಂಡು ಹಾಕಿಕೊಳ್ಳಿ. ಹಿಮಾಲಯಕ್ಕಾದರೆ ಪೂರ್ತಿ ಉದ್ದದ ದಪ್ಪನೆಯದೇ ಬೇಕು. ಮರಗಳ ಎಲ್ಲೆ ದಾಟಿದ ಮೇಲೆ ಜೋಲಿ ಕಟ್ಟಲು ಜಾಗವೇ ಇರುವುದಿಲ್ಲ, ನೆನಪಿರಲಿ. ಪಕ್ಕದಲ್ಲಿ ಬೆಂಕಿ ಹಾಕುವ ಯೋಚನೆಯನ್ನಂತೂ ನಮ್ಮ ಕಾಡುಗಳಲ್ಲಿ ದಯವಿಟ್ಟು ಮಾಡಬೇಡಿ.

ಅಂಡರ್‌ಕ್ವಿಲ್ಟ್ ಕಟ್ಟಿದ ಮೇಲೆ ಜೋಲಿಯಲ್ಲಿ ಮಲಗಿ, ಗೆಳೆಯರೊಬ್ಬರಿಗೆ ಎರಡರ ನಡುವೆ ಕೈ ತೂರಿಸಿ ನೋಡಲು ಹೇಳಿ. ಅಂಗೈ ಸಡಿಲವಾಗಿ ಓಡಾಡಿದರೆ ಅಲ್ಲಿ ತಣ್ಣನೆ ಗಾಳಿ ನುಗ್ಗುತ್ತದೆ, ದಾರ ಬಿಗಿಮಾಡಿ. ಕೈಯೇ ತೂರದಿದ್ದರೆ ತುಪ್ಪಳ ಅಮುಕಿದೆ, ಸ್ವಲ್ಪ ಬಿಡಿ. ದುಬಾರಿ ಅಂಡರ್‌ಕ್ವಿಲ್ಟ್ ಕೊಂಡೂ ನಡುಗುವವರಲ್ಲಿ ಹೆಚ್ಚಿನವರು ಈ ಪರೀಕ್ಷೆ ಮಾಡದವರು.