ಇಳಿವಯಸ್ಸಿನಲ್ಲಿ ಮದ್ಯಪಾನ ಮತ್ತು ಮಧುಮೇಹ

ಮಿತವಾದ ಮದ್ಯಪಾನ ಮುಪ್ಪಿನಲ್ಲಿ ದೇಹಕ್ಕೆ ಹಿತಕರವೆಂಬ ನಂಬಿಕೆ ಜನರಲ್ಲಿದೆ. ಮದ್ಯಸಾರದಲ್ಲಿ ಸಕ್ಕರೆಯಿಲ್ಲವಾದುದರಿಂದ ಮಧುಮೇಹಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ವಾದಿಸುವವರೂ ಉಂಟು. ಈ ಎರಡು ಗ್ರಹಿಕೆಗಳನ್ನೂ ನೆಚ್ಚುವಂತಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ.

ಮಿತವಾಗಿ ಕುಡಿಯುವವರಲ್ಲಿ ಮಧುಮೇಹ ಕಡಿಮೆಯೆಂದು ಕೆಲವು ಅಧ್ಯಯನಗಳು ಹೇಳಿದ್ದುಂಟು. ಆದರೆ ಅನಾರೋಗ್ಯದಿಂದ ಕುಡಿತ ಬಿಟ್ಟವರನ್ನೂ ಎಂದೂ ಕುಡಿಯದವರನ್ನೂ ಒಂದೇ ಗುಂಪಿಗೆ ಸೇರಿಸಿದಾಗ ಹೋಲಿಕೆ ದಾರಿ ತಪ್ಪುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, ಇಂತಹ ಪ್ರಯೋಜನವೇನಾದರೂ ಇದ್ದರೆ ಅದು ಮಹಿಳೆಯರಿಗೆ ಮತ್ತು ಏಷ್ಯಾದವರಲ್ಲದ ಜನರಿಗೆ ಸೀಮಿತವಾಗಿರಬಹುದೆಂದು ಸೂಚಿಸಿತು.

ತೆಳ್ಳಗಿದ್ದರೂ ಅಪಾಯ

ಭಾರತೀಯರ ದೇಹಪ್ರಕೃತಿಯನ್ನು ಅರಿಯಲು ಪುಣೆಯಲ್ಲಿ ನಡೆದ ಸಂಶೋಧನೆ ನೆರವಾಗಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಬ್ರಿಟನ್ನಿನ ವಿಜ್ಞಾನಿ ಜಾನ್ ಯುಡ್ಕಿನ್ ಅವರೊಡನೆ 2004ರಲ್ಲಿ ತಮ್ಮಿಬ್ಬರ ದೇಹಗಳ ಹೋಲಿಕೆಯನ್ನೇ ಪ್ರಕಟಿಸಿದರು. ಎತ್ತರ ಮತ್ತು ತೂಕಗಳಿಂದ ಲೆಕ್ಕಹಾಕುವ ದೇಹತೂಕ ಸೂಚ್ಯಂಕ ಇಬ್ಬರಲ್ಲೂ 22.3 ಇತ್ತು. ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2 ಆಗಿತ್ತು. ತೆಳ್ಳಗೆ ಕಾಣುವ ಭಾರತೀಯರಲ್ಲಿಯೂ ಹೊಟ್ಟೆಯ ಭಾಗದಲ್ಲಿ ಹೆಚ್ಚು ಕೊಬ್ಬು ಅಡಗಿರಬಹುದು. ಅದು ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗುತ್ತದೆ.

ಮದ್ಯಪಾನ ಈ ಹೊರೆಯನ್ನು ಹೆಚ್ಚಿಸುತ್ತದೆ. ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ ದೊರೆತರೆ ಒಂದು ಗ್ರಾಂ ಮದ್ಯಸಾರದಿಂದ 7 ಕ್ಯಾಲೊರಿ ದೊರೆಯುತ್ತದೆ. ಯಕೃತ್ತು ಮೊದಲು ಮದ್ಯಸಾರವನ್ನೇ ವಿಲೇವಾರಿ ಮಾಡಬೇಕಾಗುವುದರಿಂದ ಅದರಲ್ಲಿ ಕೊಬ್ಬು ಶೇಖರವಾಗತೊಡಗುತ್ತದೆ. ದೀರ್ಘಕಾಲದ ಅತಿಯಾದ ಕುಡಿತದಿಂದ ಇನ್ಸುಲಿನ್ ಉತ್ಪಾದಿಸುವ ಮೇದೋಜೀರಕ ಗ್ರಂಥಿಯೇ ಉರಿಯೂತಕ್ಕೆ ಗುರಿಯಾಗಿ ನಾಶವಾಗಬಹುದು.

ವಯಸ್ಸಿನ ಪರಿಣಾಮ

ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ಆದುದರಿಂದ ಮೊದಲಿನಷ್ಟೇ ಕುಡಿದರೂ ರಕ್ತದಲ್ಲಿ ಮದ್ಯಸಾರದ ಪ್ರಮಾಣ ಹೆಚ್ಚಾಗುತ್ತದೆ. ಸಕ್ಕರೆಯನ್ನು ಬಳಸಿಕೊಳ್ಳುವ ಮಾಂಸಖಂಡಗಳೂ ಕ್ಷೀಣಿಸುತ್ತವೆ.

ಈಗಾಗಲೇ ಮಧುಮೇಹವಿರುವ ಹಿರಿಯರಿಗೆ ಇನ್ನೊಂದು ಗಂಡಾಂತರವಿದೆ. ಮದ್ಯದ ಪ್ರಭಾವದಲ್ಲಿರುವ ಯಕೃತ್ತು ಅಗತ್ಯವಾದಾಗ ರಕ್ತಕ್ಕೆ ಸಕ್ಕರೆಯನ್ನು ಒದಗಿಸಲಾರದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತೊದಲು ಮಾತು, ಮಂಪರು ಇದರ ಲಕ್ಷಣಗಳು. ಮನೆಯವರು ಇವನ್ನು ಕುಡಿತದ ಅಮಲೆಂದೇ ಭಾವಿಸಿ ಮಲಗಲು ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಮಾಡಬೇಕಾದುದೇನು?

30 ವರ್ಷ ದಾಟಿದ ಪ್ರತಿಯೊಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಶುಲ್ಕವಿಲ್ಲ. ಬರಿಹೊಟ್ಟೆಯ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಮಧುಮೇಹವನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಕುಡಿಯುವ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬಾರದು; ಔಷಧಿಯ ಆಯ್ಕೆ ಅದನ್ನೂ ಅವಲಂಬಿಸಿದೆ.

ಬಹುಕಾಲದಿಂದ ವಿಪರೀತವಾಗಿ ಕುಡಿಯುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಭ್ರಮೆಗಳು ಕಾಣಿಸಿಕೊಳ್ಳಬಹುದು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಪುಣೆಯಲ್ಲಿ 1986ರಲ್ಲಿ ಆರಂಭವಾದ ಮುಕ್ತಾಂಗಣದಂತಹ ವ್ಯಸನಮುಕ್ತಿ ಕೇಂದ್ರಗಳು ಈ ಕಾರ್ಯದಲ್ಲಿ ತೊಡಗಿವೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆಮಾಡಬಹುದು.

ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಆರಂಭಿಸಬೇಕಾಗಿಲ್ಲ. ಕುಡಿಯುವವರು ಯಾವ ವಯಸ್ಸಿನಲ್ಲಿ ಬಿಟ್ಟರೂ ಪ್ರಯೋಜನ ಇದ್ದೇ ಇದೆ.