ಹಳೆಯ ಕಾರಿಗೆ ಹೊಸ ಹಿಂಬೆಳಕು

ಮೋಟಾರು ಕಾರಿನ ಅಂಗಾಂಗಗಳಲ್ಲೆಲ್ಲ ಅದರ ಒಡೆಯನಿಗೆ ನೇರವಾಗಿ ಅತಿ ಕಡಿಮೆ ಉಪಯೋಗಕ್ಕೆ ಬರುವುದು ಯಾವುದೆಂದು ಕೇಳಿದರೆ, ಹಿಂಬದಿಯ ಕೆಂಪು ದೀಪವೆಂದೇ ಉತ್ತರಿಸಬೇಕಾದೀತು. ಎಂಜಿನು ಅವನನ್ನು ಹೊತ್ತೊಯ್ಯುತ್ತದೆ. ಮುಂದಿನ ದೀಪ ದಾರಿ ತೋರುತ್ತದೆ. ಹಾರನ್ನು ಅವನ ಅಸಹನೆಯನ್ನು ಊರಿಗೆಲ್ಲ ಸಾರುತ್ತದೆ. ಹಿಂದಿನ ದೀಪವಾದರೋ ಉರಿಯುತ್ತಿದೆಯೇ ಆರಿದೆಯೇ ಎಂಬುದು ಸಹ ಅವನ ಕಣ್ಣಿಗೆ ಬೀಳುವುದಿಲ್ಲ. ಅದು ಬೆಳಗುವುದು ಹಿಂದೆ ಬರುತ್ತಿರುವ ಅಪರಿಚಿತನಿಗಾಗಿ. ಆದರೆ ಆ ಅಪರಿಚಿತನು ಸಕಾಲದಲ್ಲಿ ಬ್ರೇಕು ಒತ್ತುವನೇ ಇಲ್ಲವೇ ಎಂಬುದರ ಮೇಲೆ, ಮುಂದಿನ ಕಾರಿನ ಹಿಂದಿನ ಆಸನದಲ್ಲಿ ಕುಳಿತ ಮಕ್ಕಳ ಕ್ಷೇಮ ನಿಂತಿರುತ್ತದೆ.

ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್ 1100 ಮತ್ತು ಪದ್ಮಿನಿ ಕಾರುಗಳು ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗದ ಮನೆಗಳ ಹೆಮ್ಮೆಯಾಗಿದ್ದವು. ಅಜ್ಜನ ಕಾಲದ ಅಂತಹ ಕಾರನ್ನು ಮಾರಲು ಮನಸ್ಸು ಬಾರದೆ, ಬಣ್ಣ ಹಚ್ಚಿಸಿ, ಎಂಜಿನು ಬಿಚ್ಚಿಸಿ, ಭಾನುವಾರಗಳಂದು ಓಡಿಸುವ ಕುಟುಂಬಗಳು ಇಂದಿಗೂ ಇವೆ. ಕಾರು ಅದೇ, ರಸ್ತೆ ಮಾತ್ರ ಅದೇ ಅಲ್ಲ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಂತಹ ದಾರಿಗಳಲ್ಲಿ ಗಂಟೆಗೆ ನೂರು ಕಿಲೋಮೀಟರು ಇಂದು ಸಾಮಾನ್ಯ ವೇಗ. ಆ ವೇಗದ ಪ್ರವಾಹದಲ್ಲಿ, ಐವತ್ತು ವರ್ಷದ ಹಿಂದಿನ ಮಂದವಾದ ಕೆಂಪು ಚುಕ್ಕೆಯೊಂದನ್ನು ಬೆನ್ನಿಗೆ ಅಂಟಿಸಿಕೊಂಡು ಸಾಗುವುದು ಕ್ಷೇಮವೇ ಎಂಬ ಪ್ರಶ್ನೆ ಹಳೆಯ ಕಾರುಗಳ ಪ್ರೇಮಿಗಳನ್ನು ಕಾಡತೊಡಗಿದೆ. ಅದಕ್ಕೆ ಹಲವರು ಕಂಡುಕೊಂಡಿರುವ ಉತ್ತರ ಎಲ್.ಇ.ಡಿ. ದೀಪ.

ತಂತಿಯ ಬೆಳಕು, ಹರಳಿನ ಬೆಳಕು

ಹಳೆಯ ಬಲ್ಬಿನೊಳಗೆ ಇರುವುದು ಕೂದಲೆಳೆಯಂತಹ ಟಂಗ್‌ಸ್ಟನ್ ತಂತಿ. ವಿದ್ಯುತ್ತು ಹರಿದಾಗ ಅದು ಕಾದು ಬೆಳಗುತ್ತದೆ. ಹಿಂಬದಿಯ ದೀಪಕ್ಕೆ 5 ವ್ಯಾಟ್, ಬ್ರೇಕಿನ ದೀಪಕ್ಕೆ 21 ವ್ಯಾಟ್. ಅನೇಕ ಕಾರುಗಳಲ್ಲಿ ಈ ಎರಡು ತಂತಿಗಳೂ ಒಂದೇ ಬಲ್ಬಿನಲ್ಲಿರುತ್ತವೆ. ಕಾಯುವುದಕ್ಕೆ ಹೊತ್ತು ಬೇಕು. ಬ್ರೇಕು ಒತ್ತಿದ ಮೇಲೆ ತಂತಿ ಪೂರ್ಣವಾಗಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಅದೇನು ಮಹಾ ಎನ್ನಬಹುದು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಅಷ್ಟರಲ್ಲಿ ಐದೂವರೆ ಮೀಟರು ಮುಂದೆ ಬಂದಿರುತ್ತದೆ. ಅಂಬಾಸಿಡರ್ ಕಾರಿನ ಉದ್ದವೇ ಸುಮಾರು 4.3 ಮೀಟರು. ಒಂದು ಇಡೀ ಕಾರಿನಷ್ಟು ಅಂತರ, ಒಂದು ತಂತಿ ಕಾಯುವಷ್ಟರಲ್ಲಿ ಕಳೆದುಹೋಯಿತು!

ಎಲ್.ಇ.ಡಿ.ಯಲ್ಲಿ ಕಾಯುವ ತಂತಿಯೇ ಇಲ್ಲ. ಅರೆವಾಹಕ ಹರಳಿನ ಮೂಲಕ ವಿದ್ಯುತ್ತು ಹಾಯ್ದೊಡನೆ ಬೆಳಕು ಹೊಮ್ಮುತ್ತದೆ. ವಿಳಂಬ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ನಿಕ್ ಹೊಲೊನ್ಯಾಕ್ ಅವರು 1962ರಲ್ಲಿ ರೂಪಿಸಿದರು. ನಮ್ಮ ರಸ್ತೆಗಳಲ್ಲಿ ಅಂಬಾಸಿಡರ್ ಹೊಸ ಕಾರಾಗಿ ಮಿಂಚುತ್ತಿದ್ದ ಕಾಲವದು. ಆಗಿನ ಎಲ್.ಇ.ಡಿ.ಯ ಬೆಳಕು ಯಂತ್ರದ ಮೇಲಿನ ಸೂಚಕ ಚುಕ್ಕೆಗೆ ಸಾಲುವಷ್ಟು ಮಾತ್ರ. ರಸ್ತೆಯಲ್ಲಿ ಹಗಲಿನಲ್ಲಿಯೂ ಕಾಣುವಷ್ಟು ಪ್ರಖರವಾಗಲು ಅದಕ್ಕೆ ಇನ್ನೂ ಎರಡು ದಶಕಗಳು ಬೇಕಾದವು.

ಇನ್ನೊಂದು ಲಾಭವೂ ಉಂಟು. ಹಳೆಯ ಬ್ರಿಟಿಷ್ ಮಾದರಿಯ ಕಾರುಗಳ ಡೈನಮೋ ಕೊಡುತ್ತಿದ್ದುದು ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು. ಸಿಗ್ನಲಿನಲ್ಲಿ ಕಾರು ನಿಂತು ಎಂಜಿನು ನಿಧಾನವಾಗಿ ತಿರುಗುವಾಗ ಅದೂ ಇಲ್ಲ. ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ತಂತಿಯ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಕೆಲವೇ ವ್ಯಾಟುಗಳಲ್ಲಿ ಬೆಳಗುವ ಎಲ್.ಇ.ಡಿ. ಆ ಬಡ ಡೈನಮೋವಿನ ಹೊರೆಯನ್ನು ಇಳಿಸುತ್ತದೆ.

ಗ್ಲಾಸಿನ ಗುಟ್ಟು

ಇಷ್ಟೆಲ್ಲ ಕೇಳಿದವರು ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ, ಕಣ್ಣು ಕುಕ್ಕುವ ಬಿಳಿಯ ಎಲ್.ಇ.ಡಿ. ಬಲ್ಬೊಂದನ್ನು ತಂದು ಹೋಲ್ಡರಿಗೆ ತಿರುಗಿಸಿಬಿಟ್ಟರೆ ನಿರಾಶೆ ಕಟ್ಟಿಟ್ಟದ್ದು. ಸಾಮಾನ್ಯ ಬಿಳಿ ಎಲ್.ಇ.ಡಿ. ವಾಸ್ತವವಾಗಿ ನೀಲಿ ಬೆಳಕಿನದು. ಅದರ ಮೇಲಿನ ಹಳದಿ ಲೇಪ ಅದನ್ನು ಬಿಳಿಯಾಗಿ ತೋರಿಸುತ್ತದೆ. ಅದರಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಗ್ಲಾಸು ಉಳಿದ ಬಣ್ಣಗಳನ್ನೆಲ್ಲ ತಡೆದು ಆ ಅಲ್ಪ ಕೆಂಪನ್ನು ಮಾತ್ರ ಹೊರಕ್ಕೆ ಬಿಡುತ್ತದೆ. ಆದ್ದರಿಂದ ಕೆಂಪು ಗ್ಲಾಸಿನ ಹಿಂದೆ ಕೆಂಪು ಎಲ್.ಇ.ಡಿ., ಕಿತ್ತಳೆ ಗ್ಲಾಸಿನ ಹಿಂದೆ ಕಿತ್ತಳೆ ಎಲ್.ಇ.ಡಿ. ಎಂಬುದು ಮೊದಲ ಪಾಠ.

ಎರಡನೆಯ ಪಾಠ ದಿಕ್ಕಿನದು. ತಂತಿಯ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ. ಹಿಂದಿನ ಪ್ರತಿಫಲಕ ಅದನ್ನು ಹಿಡಿದು ಗ್ಲಾಸಿಗೆ ಕೊಡುತ್ತದೆ. ಗ್ಲಾಸಿನ ಒಳಮೈಯ ಗೆರೆ, ಉಬ್ಬುಗಳು ಅದನ್ನು ಅಗಲವಾಗಿ ಹರಡುತ್ತವೆ. ಎಲ್.ಇ.ಡಿ.ಯ ಬೆಳಕು ಒಂದೇ ಕಡೆಗೆ ನುಗ್ಗುತ್ತದೆ. ನೇರ ಹಿಂದೆ ನಿಂತವನಿಗೆ ಕಣ್ಣು ಕೋರೈಸಿದರೆ, ಪಕ್ಕದ ಪಥದವನಿಗೆ ಏನೂ ಕಾಣದು. ಅದಕ್ಕಾಗಿಯೇ ಪಕ್ಕಗಳಿಗೂ ಮುಖಮಾಡಿದ ಹರಳುಗಳುಳ್ಳ ಬಲ್ಬು ಬೇಕು. ಇಲ್ಲವೆ ಗ್ಲಾಸಿನ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಹಲಗೆಯ ಮೇಲೆ ಹರಳುಗಳನ್ನು ಹರಡಿ ಕೂರಿಸಬೇಕು.

ಮೂಲ ಗ್ಲಾಸೇ ಒಡೆದುಹೋಗಿದ್ದರೆ? ಹೆಸರು ಗ್ಲಾಸಾದರೂ ಇವುಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಪ್ಲಾಸ್ಟಿಕ್ಕಿನವು. ಗುಜರಿಯಲ್ಲಿ ಸಿಗದಾಗ ಹೊಸತನ್ನು ಎರಕ ಹೊಯ್ಯಿಸುವುದುಂಟು. ಚೆನ್ನಾಗಿರುವ ಗ್ಲಾಸಿನಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಬಣ್ಣ ಬೆರೆಸಿದ ಪಾರದರ್ಶಕ ರಾಳವನ್ನು ಹೊಯ್ದು, ಗುಳ್ಳೆ ನಿಲ್ಲದಂತೆ ಒತ್ತಡದ ಪಾತ್ರೆಯಲ್ಲಿಟ್ಟು ಗಟ್ಟಿಯಾಗಿಸುತ್ತಾರೆ. ಎಡಬಲಗಳು ಕನ್ನಡಿಯ ಪ್ರತಿಬಿಂಬಗಳಂತಿದ್ದರೆ ಒಂದರ ಅಚ್ಚು ಇನ್ನೊಂದಕ್ಕೆ ಒದಗದು. ಆಗ ಉಳಿದಿರುವುದರ ಅಳತೆಯನ್ನು ಗಣಕಯಂತ್ರಕ್ಕೆ ಇಳಿಸಿ, ತಿರುಗುಮುರುಗಾಗಿಸಿ, ಮುದ್ರಿಸಿ ಮಾದರಿ ಮಾಡಿಕೊಳ್ಳುತ್ತಾರೆ.

ಹೀಗೆ ಮಾಡಿದ ಗ್ಲಾಸಿನಲ್ಲಿ ಸುಲಭವಾಗಿ ಕೈಬಿಟ್ಟುಹೋಗುವ ಅಂಶವೊಂದಿದೆ. ಅನೇಕ ಮೂಲ ಗ್ಲಾಸುಗಳ ಒಂದು ಭಾಗದಲ್ಲಿ ಜೇನುಗೂಡಿನಂತಹ ಸಣ್ಣ ಸಣ್ಣ ಮೂಲೆಗಳ ಸಾಲು ಇರುತ್ತದೆ. ಒಂದಕ್ಕೊಂದು ಲಂಬವಾದ ಮೂರು ಮುಖಗಳ ಆ ಮೂಲೆಗಳು, ಹಿಂದಿನ ವಾಹನದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಬ್ಯಾಟರಿ ಸತ್ತು ಕತ್ತಲೆಯಲ್ಲಿ ರಸ್ತೆಯ ಬದಿಗೆ ನಿಂತ ಕಾರನ್ನು ಕಾಪಾಡುವುದು ಇದೊಂದೇ. ಸವೆದ ಗ್ಲಾಸಿನಿಂದ ತೆಗೆದ ಅಚ್ಚಿನಲ್ಲಿ ಈ ಮೂಲೆಗಳು ಮೊಂಡಾಗಿಬಿಡುತ್ತವೆ. ಗ್ಲಾಸು ನೋಡಲು ಕೆಂಪಾಗಿದ್ದರೂ ರಾತ್ರಿಯಲ್ಲಿ ಕುರುಡು. ಆಗ ಕೆಂಪು ಪ್ರತಿಫಲಕವೊಂದನ್ನು ಬೇರೆಯಾಗಿ ಬಂಪರಿನ ಬಳಿ ಕೂರಿಸುವುದು ವಿವೇಕ. ಅಂದಕ್ಕೆಂದು ಹೊಗೆಬಣ್ಣದ ಗ್ಲಾಸು ಹಾಕಿಸುವುದಂತೂ ದೀಪವಿಟ್ಟು ಕಂಬಳಿ ಮುಚ್ಚಿದ ಹಾಗೆ.

ಮಿಟುಕದ ಇಂಡಿಕೇಟರು

ದೀಪ ಬದಲಾದ ಮೇಲೆ ಇಂಡಿಕೇಟರು ಮಿಟುಕುವುದನ್ನೇ ನಿಲ್ಲಿಸಿತೆಂದು ಗಾಬರಿಯಾಗುವವರು ಬಹಳ. ತಪ್ಪು ದೀಪದ್ದಲ್ಲ. ಹಳೆಯ ಫ್ಲ್ಯಾಷರಿನಲ್ಲಿ ವಿದ್ಯುತ್ತಿನ ಬಿಸಿಗೆ ಬಾಗುವ ಲೋಹದ ಪಟ್ಟಿಯಿರುತ್ತದೆ. 21 ವ್ಯಾಟಿನ ಎರಡು ಬಲ್ಬುಗಳು ಸೇರಿ ಎಳೆಯುವ ಮೂರೂವರೆ ಆಂಪಿಯರ್ ಅದನ್ನು ಕಾಯಿಸುತ್ತಿತ್ತು, ಎಲ್.ಇ.ಡಿ.ಯ ಮಿತಾಹಾರದಲ್ಲಿ ಅದು ಕಾಯುವುದೇ ಇಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರು ಹಾಕಿದರೆ ಸರಿಹೋಗುತ್ತದೆ. ಎಡಕ್ಕೂ ಬಲಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಸೂಚಕ ಬಲ್ಬು ಇರುವ ಕೆಲವು ಕಾರುಗಳಲ್ಲಿ, ಆ ಬಲ್ಬಿನ ಮೂಲಕ ವಿದ್ಯುತ್ತು ಎದುರು ಬದಿಗೂ ಹರಿದು ನಾಲ್ಕೂ ದೀಪಗಳು ಒಟ್ಟಿಗೆ ಮಿಟುಕುತ್ತವೆ. ಎರಡು ಡೈಯೋಡುಗಳನ್ನು ಸೇರಿಸಿ ಅದನ್ನು ತಡೆಯಬೇಕು.

ಎಲ್.ಇ.ಡಿ. ಒಮ್ಮುಖದ ದಾರಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಬ್ಯಾಟರಿಯ ಧನಾಗ್ರವನ್ನು ಕಾರಿನ ಮೈಗೆ ಜೋಡಿಸಿಕೊಂಡಿದ್ದವು. ಅಂತಹ ಕಾರಿಗೆ ಇಂದಿನ ಸಾಮಾನ್ಯ ಎಲ್.ಇ.ಡಿ. ಹಾಕಿದರೆ ಅದು ಹತ್ತದೇ ಹೋಗಬಹುದು. ಕೊಳ್ಳುವ ಮುನ್ನ ಬ್ಯಾಟರಿಯ ಯಾವ ತುದಿ ಮೈಗೆ ಸೇರಿದೆಯೆಂದು ನೋಡಿಕೊಳ್ಳಬೇಕು. ಎಲ್ಲಕ್ಕೂ ಮೊದಲು ಹೋಲ್ಡರಿನ ತುಕ್ಕನ್ನೂ ಅರ್ತ್ ಜೋಡಣೆಯ ಕಿಲುಬನ್ನೂ ಉಜ್ಜಿ ತೆಗೆಯುವುದು ಒಳ್ಳೆಯದು. ಎಷ್ಟೋ ಕಾರುಗಳಲ್ಲಿ ಅಷ್ಟರಿಂದಲೇ ಹಳೆಯ ಬಲ್ಬು ಮತ್ತೆ ಕಳೆಗಟ್ಟಿ, ಹೊಸ ದೀಪದ ಅಗತ್ಯವೇ ಬೀಳದೆ ಹೋದೀತು.

ಮೂಲರೂಪವೋ, ಕ್ಷೇಮವೋ?

2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದು ಗಣನೀಯ ಮಾರ್ಪಾಟಿಗೆ ಒಳಗಾಗದ ಖಾಸಗಿ ವಾಹನಗಳು ವಿಂಟೇಜ್ ವಾಹನಗಳಾಗಿ ನೋಂದಣಿ ಪಡೆಯಬಹುದು. ಹಾಗಿರುವಾಗ ದೀಪ ಬದಲಿಸಿ ಕಾರಿನ ಮರ್ಯಾದೆ ಕಳೆಯಬೇಕೇ ಎಂದು ಸಂಪ್ರದಾಯನಿಷ್ಠರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬಲ್ಲ ಕುಶಲಕರ್ಮಿಗಳು ಅನುಸರಿಸುವ ಮಾರ್ಗ ಇದಕ್ಕೆ ಸಮಾಧಾನ ಹೇಳುತ್ತದೆ: ತಗಡಿಗೆ ಹೊಸ ತೂತು ಕೊರೆಯಬಾರದು; ಮೂಲ ತಂತಿಯನ್ನು ಕತ್ತರಿಸಬಾರದು; ಹೊಸತು ಹಳೆಯ ಹೋಲ್ಡರಿನಲ್ಲಿಯೇ ಕೂರಬೇಕು; ಬಿಚ್ಚಿದ ಬಲ್ಬು, ಗ್ಲಾಸು, ಫ್ಲ್ಯಾಷರುಗಳನ್ನು ಹೆಸರು ಬರೆದು ಪೆಟ್ಟಿಗೆಯಲ್ಲಿಡಬೇಕು. ಬೇಕೆಂದಾಗ ಅರ್ಧ ಗಂಟೆಯಲ್ಲಿ ಕಾರು ಮೊದಲಿನಂತಾಗಬೇಕು. ಆದರೂ ನೋಂದಣಿ ಬಯಸುವವರು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕೆಲಸ ಮುಗಿದ ಮೇಲೆ ಒಬ್ಬರು ಬ್ರೇಕಿನ ಮೇಲೆ ಕಾಲಿಡಬೇಕು, ಇನ್ನೊಬ್ಬರು ಮೂವತ್ತು ಮೀಟರು ಹಿಂದೆ ನಿಂತು ನೋಡಬೇಕು. ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ, ನೇರ ಹಿಂದಿನಿಂದಲೂ ಓರೆಯಿಂದಲೂ. ಬ್ರೇಕಿನ ಬೆಳಕು ಹಿಂದೀಪದ ಬೆಳಕಿಗಿಂತ ಎದ್ದು ಕಾಣಬೇಕು. ಎರಡೂ ಒಂದೇ ಸಮನಾಗಿ ಪ್ರಜ್ವಲಿಸಿದರೆ ಕಾರು ನಿಲ್ಲುತ್ತಿದೆಯೆಂಬ ಸುದ್ದಿ ಯಾರಿಗೂ ತಲುಪದು. ಹಳೆಯ ಕಾರಿನ ಅಂದವನ್ನು ಒಡೆಯನು ತನಗಾಗಿ ಉಳಿಸಿಕೊಳ್ಳಲಿ. ಅದರ ಹಿಂಬೆಳಕನ್ನು ಮಾತ್ರ ಹಿಂದೆ ಬರುವವನ ಕಣ್ಣಿನಿಂದ ಒಮ್ಮೆ ನೋಡಲಿ.