ಕಣ್ಣಿಗೆ ಕೆಂಪು ತುಂಬುವ ‘ವೈಟ್’

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಇಕ್ಕಟ್ಟಾದ ಕೋಣೆ. 16 ಅಡಿ ಅಗಲ, 23 ಅಡಿ ಉದ್ದ; ಅಷ್ಟರೊಳಗೇ ಎಂಟು ಮೇಜು. ಎಲ್ಲಿ ನೋಡಿದರೂ ಹಾಲಿನ ಬಾಟಲಿ, ಬಾಟಲಿಯೊಳಗೆ ಹಣ್ಣುನೊಣಗಳ ಸಂಸಾರ. ನೊಣಗಳಿಗೆಂದು ಹಾಕಿದ ಬಾಳೆಹಣ್ಣು ಕೊಳೆತು ಕೋಣೆಯೆಲ್ಲ ಹುಳಿನಾತ. 1910ರಲ್ಲಿ ಇಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಕಣ್ಣಿಗೆ ಒಂದು ಗಂಡುನೊಣ ಬಿತ್ತು. ಓರಗೆಯ ನೊಣಗಳಿಗೆಲ್ಲ ಇಟ್ಟಿಗೆಗೆಂಪು ಕಣ್ಣು, ಇದರದು ಮಾತ್ರ ಅಚ್ಚ ಬಿಳಿ. ಅದರಲ್ಲಿ ಕೆಟ್ಟಿದ್ದ ಜೀನಿಗೆ ‘ವೈಟ್’ ಎಂದು ಹೆಸರಾಯಿತು.

ನೊಣದ ವಿಜ್ಞಾನಿಗಳ ರೂಢಿಯೇ ಹಾಗೆ. ಜೀನ್ ಕೆಟ್ಟಾಗ ಏನು ಕಾಣಿಸಿತೋ ಅದೇ ಹೆಸರು. ವೈಟ್ ನೆಟ್ಟಗಿದ್ದರೆ ಕಣ್ಣು ಕೆಂಪಗಿರುತ್ತದೆ! ಅದರ ಪ್ರೊಟೀನು ಜೀವಕೋಶದ ಒಳಗಿನ ಪೊರೆಯೊಂದರಲ್ಲಿ ಕೂತು ಬಣ್ಣಕ್ಕೆ ಬೇಕಾದ ಕಚ್ಚಾವಸ್ತುವನ್ನು ಆಚೆಯಿಂದ ಈಚೆಗೆ ದಾಟಿಸುತ್ತದೆ. ಒಂಟಿಯಾಗಿ ಆ ಕೆಲಸ ಆಗದು. ‘ಬ್ರೌನ್’ ಎಂಬ ಜೀನಿನ ಪ್ರೊಟೀನು ಜೊತೆಗೂಡಿದರೆ ಕೆಂಪು ಬಣ್ಣದ ಸಾಮಗ್ರಿ ಸಾಗುತ್ತದೆ, ‘ಸ್ಕಾರ್ಲೆಟ್’ ಜೀನಿನದು ಜೊತೆಗೂಡಿದರೆ ಕಂದು ಬಣ್ಣದ್ದು. ಅಚ್ಚಿನ ತಪ್ಪಲ್ಲ, ಸರಿಯಾಗಿಯೇ ಬರೆದಿದ್ದೇನೆ. ಬ್ರೌನ್ ಕೆಟ್ಟರೆ ಕೆಂಪು ಬಾರದೆ ಕಣ್ಣು ಕಂದಾಗುತ್ತದೆ. ಸ್ಕಾರ್ಲೆಟ್ ಕೆಟ್ಟರೆ ಕಂದು ಬಾರದೆ ಕಡುಗೆಂಪಾಗುತ್ತದೆ. ‘ಐಲೆಸ್’ ಎಂದರೆ ಕಣ್ಣಿಲ್ಲದ್ದು. ಅದು ಕಣ್ಣು ಕಟ್ಟುವ ಜೀನು. 1995ರಲ್ಲಿ ವಾಲ್ಟರ್ ಗೆರಿಂಗ್ ಅವರ ತಂಡ ಅದನ್ನು ನೊಣದ ಕಾಲಿನಲ್ಲಿ ಚಾಲೂ ಮಾಡಿ, ಕಾಲ ಮೇಲೂ ಕಣ್ಣು ಮೂಡಿಸಿ ತೋರಿಸಿತು. ಇದೇ ಬಗೆಯ ಜೀನಿಗೆ ಇಲಿ, ಮನುಷ್ಯರಲ್ಲಿ ಪ್ಯಾಕ್ಸ್6 ಎಂಬ ಬೇರೆ ಹೆಸರು.

ಒಂದೇ ಕೋಣೆಯಲ್ಲಿ ಕೂತವರಿಗೆ ಇದೆಲ್ಲ ತಮಾಷೆ. ಆದರೆ 1990ರ ದಶಕದಲ್ಲಿ ಪೂರ್ತಿ ಜೀನೋಮುಗಳೇ ಕಂಪ್ಯೂಟರಿಗೆ ಇಳಿಯತೊಡಗಿದಾಗ ತಮಾಷೆ ತಲೆನೋವಾಯಿತು. ಯೀಸ್ಟಿನ ಜೀನೂ ಇಲಿಯ ಜೀನೂ ಒಂದೇ ಮೂಲದವು ಎಂದು ಯಂತ್ರ ಹೇಳುತ್ತಿತ್ತು. ಅವುಗಳ ಕೆಲಸದ ಬಗ್ಗೆ ಯೀಸ್ಟಿನವರು ಬರೆದದ್ದು ಇಲಿಯವರಿಗೆ ತಿಳಿಯುತ್ತಿರಲಿಲ್ಲ. 1998ರಲ್ಲಿ ನೊಣ, ಯೀಸ್ಟ್, ಇಲಿ, ಈ ಮೂರೂ ಡೇಟಾಬೇಸಿನವರು ಒಟ್ಟಿಗೆ ಕೂತರು. ಕೇಂಬ್ರಿಜ್‌ನ ನೊಣವಿಜ್ಞಾನಿ ಮೈಕೇಲ್ ಆಶ್‌ಬರ್ನರ್ ಮುಂದಾಳುಗಳಲ್ಲೊಬ್ಬರು. ಹುಟ್ಟಿದ್ದು ಜೀನ್ ಆಂಟಾಲಜಿ (ಜಿಒ). ಹಳೆಯ ಹೆಸರುಗಳ ತಂಟೆಗೆ ಅವರು ಹೋಗಲಿಲ್ಲ, ಅದೇ ಅವರ ಜಾಣತನ. ಪ್ರತಿ ಜೀನಿಗೂ ಮೂರು ಪ್ರಶ್ನೆ ಹಾಕಿದರು: ನಿನ್ನ ಪ್ರೊಟೀನು ಮಾಡುವ ಕೆಲಸವೇನು, ಅದು ಯಾವ ದೊಡ್ಡ ಕಾರ್ಯದ ಪಾಲು, ಕೋಶದಲ್ಲಿ ಅದರ ಜಾಗ ಎಲ್ಲಿ? ಉತ್ತರ ಎಲ್ಲರೂ ಒಪ್ಪಿದ ಪದಗಳಲ್ಲೇ ಇರಬೇಕು.

ಈ ಉತ್ತರ ಬರೆಯುವವರು ಕ್ಯುರೇಟರುಗಳು. ಇವರ ಮೇಜಿನ ಮೇಲೆ ಬಾಟಲಿ ಇಲ್ಲ, ನಾತವೂ ಇಲ್ಲ. ಒಂದು ಪರದೆಯಲ್ಲಿ ಸಂಶೋಧನಾ ಪ್ರಬಂಧ, ಇನ್ನೊಂದರಲ್ಲಿ ಪದಗಳ ಜಾಲ. ಪ್ರಬಂಧದ ಮೂರನೆಯ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಸಿರಾಗಿ ಹೊಳೆಯುವ ಎಳೆಗಳು: ಪ್ರೊಟೀನು ಮೈಟೊಕಾಂಡ್ರಿಯದಲ್ಲಿದೆ. ಕ್ಯುರೇಟರು ಚಿತ್ರದ ಅಡಿಬರಹ ಓದಿ, ಯಾವ ಪ್ರಾಣಿಯ ಕೋಶ ಎಂದು ಹಿಂದಿನ ಪುಟಕ್ಕೆ ಹೋಗಿ ಖಾತ್ರಿ ಮಾಡಿಕೊಂಡು, ಆ ಜಾಗದ ಪದಕ್ಕಿರುವ ನಂಬರು ಜಿಒ:0005739 ಎಂದು ದಾಖಲಿಸುತ್ತಾರೆ. ‘ಮೊಗ್ಗು’ ಎಂದು ಪ್ರಬಂಧದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಯೀಸ್ಟಿನ ಮೈಯಿಂದ ಹೊಮ್ಮುವ ಮರಿಕೋಶವೇ, ಇಲಿಮರಿಯ ದವಡೆಯಲ್ಲಿ ಚಿಗುರುವ ಹಲ್ಲೇ, ಗಿಡದ ಹೂವೇ? ಮೂರಕ್ಕೂ ಬೇರೆ ಬೇರೆ ವಿವರಣೆ ಬೇಕು. ಇನ್ನು ಒಂದು ಪದಕ್ಕೆ ಒಬ್ಬನೇ ಯಜಮಾನ ಎಂದೇನಿಲ್ಲ. ಒಬ್ಬನೇ ಹುಡುಗ ಒಂದು ಮನೆಗೆ ಮೊಮ್ಮಗ, ಇನ್ನೊಂದಕ್ಕೆ ಅಳಿಯ ಆಗಿರುವಂತೆ ಅದು ಎರಡು ಮೂರು ದೊಡ್ಡ ಪದಗಳ ಕೆಳಗೆ ಬರಬಹುದು. ಬಳಕೆ ತಪ್ಪಿದ ಪದವನ್ನು ಅಳಿಸುವುದಿಲ್ಲ, ‘ರದ್ದು’ ಎಂದು ಗುರುತು ಹಾಕುತ್ತಾರೆ; ಅದರ ನಂಬರು ಮತ್ತೊಂದಕ್ಕೆ ಹೋಗುವುದಿಲ್ಲ.

ನನಗೆ ಪದಗಳಿಗಿಂತ ಹೆಚ್ಚು ಮೆಚ್ಚಿಗೆಯಾದದ್ದು ಪಕ್ಕದ ಕಾಲಂ. ಹೇಳಿದ್ದಕ್ಕೆ ಸಾಕ್ಷಿ ಏನು ಎಂದು ಅಲ್ಲಿ ಚುಟುಕಾಗಿ ಬರೆಯಲೇಬೇಕು. ಪ್ರಯೋಗದಲ್ಲಿ ನೇರವಾಗಿ ಕಂಡದ್ದಾದರೆ ಐಡಿಎ. ಜೀನು ಕೆಟ್ಟಾಗ ಆದ ಏರುಪೇರು ನೋಡಿ ಊಹಿಸಿದ್ದಾದರೆ ಐಎಂಪಿ. ಮಾರ್ಗನ್ನರ ಬಿಳಿಗಣ್ಣು ಈ ಜಾತಿಗೆ ಸೇರಿದ್ದು. ಹುಡುಕಿಯೂ ಏನೂ ಸಿಗದಿದ್ದರೆ ಎನ್‌ಡಿ, ಜೊತೆಗೆ ಹುಡುಕಿದ ತಾರೀಕು. ‘ಗೊತ್ತಿಲ್ಲ’ ಎಂಬುದನ್ನೂ ತಾರೀಕು ಹಾಕಿ ದಾಖಲಿಸುವ ಲೆಕ್ಕದ ಪುಸ್ತಕ ಬೇರೆಲ್ಲಿ ಸಿಕ್ಕೀತು?

ಇನ್ನೊಂದಿದೆ, ಐಇಎ. ಇದು ಯಂತ್ರವೇ ಹಚ್ಚಿದ ಚೀಟಿ, ಒಂದೊಂದು ಸಾಲನ್ನೂ ಮನುಷ್ಯರು ಓದಿ ನೋಡಿಲ್ಲ. ಒಟ್ಟು ದಾಖಲೆಗಳಲ್ಲಿ ಬಹುಪಾಲು ಇಂಥವೇ. ಪ್ರಯೋಗ ಮುಗಿಸಿ ಇನ್ನೂರು ಮುನ್ನೂರು ಜೀನುಗಳ ಪಟ್ಟಿ ಹಿಡಿದ ಸಂಶೋಧನಾ ವಿದ್ಯಾರ್ಥಿ ಅದನ್ನು ತಂತ್ರಾಂಶಕ್ಕೆ ಕೊಟ್ಟರೆ, ‘ಇವುಗಳಲ್ಲಿ ಅಪಾಪ್ಟಾಸಿಸ್‌ಗೆ (ಕೋಶ ತಾನಾಗಿ ಸಾಯುವ ಕ್ರಿಯೆಗೆ) ಸೇರಿದವು ನಿರೀಕ್ಷೆಗಿಂತ ಹೆಚ್ಚು’ ಎಂದು ನಿಮಿಷದಲ್ಲಿ ಬಣ್ಣದ ಗ್ರಾಫ್ ಬರುತ್ತದೆ. ಗ್ರಾಫ್ ನೇರ ಪ್ರಬಂಧಕ್ಕೆ ಹೋಗುತ್ತದೆ. ಆ ಗ್ರಾಫಿನ ಹಿಂದಿರುವ ಚೀಟಿಗಳಲ್ಲಿ ಐಡಿಎ ಎಷ್ಟು, ಐಇಎ ಎಷ್ಟು ಎಂದು ಬೇರ್ಪಡಿಸಿ ನೋಡಲು ಬೇಕಾದದ್ದು ಒಂದೆರಡು ಕ್ಲಿಕ್, ಅಷ್ಟೇ.